ಹೂವು ಮುಡಿದ ಸ್ಟೆಪ್ಪರ್

ಮಹಡಿ ಹತ್ತಿದರೆ ಏದುಸಿರು ಬರುತ್ತಿದ್ದ ವಾರಿಜಮ್ಮ, ಅಂಗಡಿಯ ದೊಡ್ಡ ಟ್ರೆಡ್‌ಮಿಲ್ ಬಿಟ್ಟು, ನಿಂತಲ್ಲೇ ಮೆಟ್ಟಿಲು ಹತ್ತಿಸುವ ಪುಟ್ಟ ಸ್ಟೆಪ್ಪರನ್ನೇ ಆರಿಸಿ ತಂದರು. "ಇವರು ತುಳಿಯುತ್ತಾರೆ, ನಾವಿಬ್ಬರೂ ಮೋಡದವರೆಗೆ ಹತ್ತುತ್ತೇವೆ" ಎಂದು ಸ್ಟೆಪ್ಪರ್ ದಾರಿಯುದ್ದಕ್ಕೂ ಕನಸು ಕಂಡಿತು.

ಅಂದು ಆಯುಧಪೂಜೆ. ವಾರಿಜಮ್ಮ ಅದಕ್ಕೂ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದರು. ಮರುದಿನ ಹತ್ತಲು ಕಾಲೆತ್ತಿದವರು ಬೆಚ್ಚಿ ಹಿಂದೆ ಸರಿದರು. "ಪೂಜೆ ಮಾಡಿದ್ದನ್ನು ತುಳಿಯೋದುಂಟೇ?" ಎಂದು ಕೆನ್ನೆ ಬಡಿದುಕೊಂಡು, ದಿನಾ ಹೂವಿಟ್ಟು ಕೈಮುಗಿಯತೊಡಗಿದರು.

ಸ್ಟೆಪ್ಪರ್ ಬೀಗಿತು. ಬಾಗಿಲ ಬಳಿಯ ಸವೆದ ಚಪ್ಪಲಿಗೆ, "ಪಾಪ, ನಿನಗೊಂದು ಹೂವೂ ಇಲ್ಲವಲ್ಲ!" ಎಂದಿತು.

"ಇಲ್ಲ," ಎಂದಿತು ಚಪ್ಪಲಿ. "ಆದರೆ ಇವತ್ತು ಅವರ ಜೊತೆ ತಾರಸಿಗೆ ಹೋಗಿದ್ದೆ. ಮೋಡ ಕೈಗೆ ಸಿಗುವಷ್ಟು ಹತ್ತಿರವಿತ್ತು. ಹತ್ತುವಾಗ ಮಾತ್ರ ಅವರು ನಡುದಾರಿಯಲ್ಲಿ ಎದೆ ಹಿಡಿದು ಸ್ವಲ್ಪ ಹೊತ್ತು ಕೂತುಬಿಟ್ಟಿದ್ದರು. ನೀನೆಲ್ಲಿದ್ದೆ?"

ಸ್ಟೆಪ್ಪರಿಗೆ ತನ್ನ ಕನಸು ನೆನಪಾಯಿತು. ಮೈ ಕೊಡವಿ ಹೂವನ್ನು ಬೀಳಿಸಿ, "ಅಮ್ಮಾ, ನನ್ನನ್ನು ತುಳಿಯಿರಿ!" ಎಂದು ಕೂಗಿತು.

ವಾರಿಜಮ್ಮನಿಗೆ ಕೇಳಿಸಿದ್ದು ಕಿರ್ರೆನ್ನುವ ಸದ್ದು ಮಾತ್ರ. "ಬಲಗಡೆಗೇ ಹೂವಿನ ಪ್ರಸಾದ ಕೊಟ್ಟಿತು!" ಎಂದು ಏದುಸಿರು ಬಿಡುತ್ತ ಬಗ್ಗಿ, ಹೂವನ್ನು ಕಣ್ಣಿಗೊತ್ತಿಕೊಂಡು, ಸ್ಟೆಪ್ಪರಿಗೆ ಈ ಸಲ ದೊಡ್ಡ ಹಾರವನ್ನೇ ಹಾಕಿದರು.