ಮಂತ್ರಿಗಳ ಧೂಳು

ಬಜೆಟ್ಟಿಗೆ ಕತ್ತರಿ ಬಿದ್ದು ಅಗ್ನಿಶಾಮಕ ಠಾಣೆಯ ಗಾಡಿಗೆ ಡೀಸೆಲ್ಲೇ ಇರಲಿಲ್ಲ. ಕೊಟ್ಟಿಗೆಗೆ ಬೆಂಕಿ ಬಿದ್ದಿದೆಯೆಂದು ಹಳ್ಳಿಯಿಂದ ನೀಲವ್ವ ಫೋನಿನಲ್ಲಿ ಅತ್ತಳು. ಚಾಲಕ ಫಕೀರಪ್ಪ ಮೇಲಿನ ಸಾಹೇಬರಿಗೆ ಫೋನು ಹಚ್ಚಿ ಡೀಸೆಲ್ಲು ಕೇಳಿದ.

“ರೊಕ್ಕ ಎಲ್ಲೈತೋ? ಬರೋ ತಿಂಗಳು ಕೇಳು.”

ಫಕೀರಪ್ಪ ಹಲ್ಲು ಕಚ್ಚಿ ಮತ್ತೆ ಫೋನು ಹಚ್ಚಿದ. “ಸಾಹೇಬ್ರ, ಮಂತ್ರಿಗಳ ಹೆಲಿಕಾಪ್ಟರ್ ಆ ಊರ ಹೊಲದಾಗ ಇಳೀತದಂತ್ರಿ. ಧೂಳು ಏಳದಂಗ ನೀರು ಹೊಡೀಬೇಕು.”

ಕಣ್ಣು ಮಿಟುಕಿಸುವುದರೊಳಗೆ ಟ್ಯಾಂಕು ತುಂಬಿತು. ಗಾಡಿ ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತಿತ್ತು, ಮನೆ ಮಾತ್ರ ಉಳಿಯಿತು.

ಸಾಹೇಬರು ಹಾರ ಹಿಡಿದು ಓಡಿಬಂದರು. ಹೊಗೆಯಲ್ಲಿ ಕೆಮ್ಮುತ್ತ ಆಕಾಶ ನೋಡಿದರು. “ಮಂತ್ರಿಗಳೆಲ್ಲೋ?”

“ಬರಲಿಲ್ರಿ. ಅವರ ಧೂಳಿಗೆ ಕೊಟ್ಟ ಡೀಸೆಲ್ಲು ಇವರ ಬೆಂಕಿಗೂ ನಡೀತು ನೋಡ್ರಿ.”

ಸಾಹೇಬರು ಕೆಂಡವಾದರು. “ಈ ಹಾರ ಯಾರಿಗೆ ಹಾಕಲೋ?”

ಫಕೀರಪ್ಪ ಸುಟ್ಟ ಎಮ್ಮೆಯತ್ತ ಕೈ ತೋರಿಸಿದ. “ಅದಕ್ಕ ಹಾಕ್ರಿ. ನಾ ಹಚ್ಚಿದ ಮೊದಲನೇ ಫೋನಿಗೆ ಸತ್ತದ್ದು ಅದೇ.”