ಎಲ್ಲರ ಮನೆ ಬೀಜದ ಬುಟ್ಟಿ

ಮೊದ್ಲು ನಿನ್ನ ಮಗನ ಮೇಲೆ ಆಣೆ ಮಾಡು, ಪುಟ್ಟತಾಯಕ್ಕ. ಈ ಮಾತು ನಮ್ಮನೆ ಹೊಸ್ತಿಲು ದಾಟಬಾರ್ದು. ನಾನಂತೂ ಇಲ್ಲೀವರೆಗೂ ಯಾರಿಗೂ ಹೇಳಿಲ್ಲ. ಹಾಲಿನ ಸಾಕಮ್ಮಂಗೆ ಹೇಳಿದ್ದು ಲೆಕ್ಕಕ್ಕಿಲ್ಲ, ಅವಳು ಅರ್ಧ ಕೇಳೋಷ್ಟರಲ್ಲಿ ಎದ್ದು ಹೋದ್ಲು.

ಪಕ್ಕದ್ಮನೆ ಜಲಜಾಕ್ಷಿ ನೆನ್ನೆ ಸಂಜೆ ಶಿವನಂಜಪ್ಪ ಮೇಷ್ಟ್ರ ಮನೆಗೆ ಬಂದಿದ್ಲು. ಮೇಷ್ಟ್ರ ಹೆಂಡ್ತಿಗೆ ಕರಿಬೇವು ಕೊಡೋಕೆ ಅಂತ ನಾನೂ ಅಲ್ಲಿಗೆ ಹೋಗಿದ್ದೆ. ಕದ್ದು ಕೇಳ್ದೆ ಅನ್ಬೇಡ, ಕಿವಿಗೆ ಬಿತ್ತು. ಜಲಜಾಕ್ಷಿ ಮಗಳು ಮೇಘಶ್ರೀಗೆ ಅದ್ಯಾವುದೋ ದೊಡ್ಡ ಕಾಲೇಜು ಬೇಕಂತೆ. ಇರೋದು ನಲವತ್ತೇ ಸೀಟು, ಅರ್ಜಿ ಹಾಕೋರು ನಾಲ್ಕು ಸಾವಿರ ಜನ. ಮಾರ್ಕ್ಸು ಎಲ್ಲರ್ದೂ ಚೆನ್ನಾಗೇ ಇರುತ್ತಲ್ಲ, ಅದಕ್ಕೇ ನಿನ್ನ ಬಗ್ಗೆ ನೀನೇ ಎರಡು ಪುಟ ಬರಿ ಅಂತಾರೆ, ಆಮೇಲೆ ಕರೆದು ಕೂರಿಸ್ಕೊಂಡು ಕೇಳ್ತಾರೆ. ಸೋಮವಾರ ಕಡೇ ದಿನ.

ಜಲಜಾಕ್ಷಿ ಒಂದು ಫೈಲು ಬಿಚ್ಚಿದ್ಲು ನೋಡು! ಕರಾಟೆ, ಅಬ್ಯಾಕಸ್ಸು, ವೀಣೆ, ಚೆಸ್ಸು. ಗಿಡ ನೆಡ್ತಿರೋ ಫೋಟೋ ಬೇರೆ. ಆ ಗಿಡ ನಾನೇ ಅಲ್ವಾ ನೆಟ್ಟಿದ್ದು! ಆ ಹುಡುಗಿ ಬಂದು ಒಂದ್ನಿಮಿಷ ಕೈಯಿಟ್ಟು ಹೋಗಿದ್ಲು ಅಷ್ಟೆ. ಪಾಪ, ಜಲಜಾಕ್ಷಿನೂ ನನ್ನ ಹಾಗೇ ಏಳನೇ ಕ್ಲಾಸಿಗೆ ಪುಸ್ತಕ ಎತ್ತಿಟ್ಟೋಳು. ಮಗಳಾದ್ರೂ ಓದ್ಲಿ ಅಂತ ಜೀವ ತೇಯ್ತಾಳೆ.

"ಮೇಷ್ಟ್ರೇ, ಇಷ್ಟೆಲ್ಲ ಸೇರಿಸಿದೀನಿ. ಸೀಟು ಸಿಗೋಕೆ ಇನ್ನೇನು ಸೇರಿಸ್ಬೇಕು?" ಅಂದ್ಲು.

ಮೇಷ್ಟ್ರು ಫೈಲು ಮುಚ್ಚಿ ಒಂದು ಕತೆ ಹೇಳಿದ್ರು. ಅವರು ಹೇಳಿದ ಹಾಗೇ ಹೇಳ್ತೀನಿ.

ಒಂದೂರಲ್ಲಿ ಒಬ್ಬಳು ಬೀಜದಜ್ಜಿ. ಸುತ್ತಲ ಹಳ್ಳಿಯೋರು ತಂದ ಬೀಜದಲ್ಲಿ ಒಂದನ್ನ ಆರಿಸೋಳು. ಅದಕ್ಕೆ ಬೂದಿ ಸವರಿ ಮಡಕೇಲಿಟ್ಟು ಕಾಯೋಳು. ಮುಂದಿನ ವರ್ಷ ಆ ಬೀಜ ಹತ್ತೂರ ಹೊಲ ಸೇರೋದು. ತಾನು ತಂದ ಬೀಜಾನೇ ಅಜ್ಜಿ ಆರಿಸ್ಲಿ ಅಂತ ಒಬ್ಬ ರೈತನಿಗೆ ಆಸೆ ಆಯ್ತು. ಮನೆಮನೆಗೆ ಹೋಗಿ ಒಳ್ಳೊಳ್ಳೆ ಬೀಜ ಬೊಗಸೆ ಬೊಗಸೆ ಕೇಳಿ ತಂದ. ಅವರೆ, ನವಣೆ, ಸಜ್ಜೆ, ಎಳ್ಳು. ಬುಟ್ಟಿ ತುಂಬ್ತು.

ಅಜ್ಜಿ ಬುಟ್ಟಿ ಮುಟ್ಟಲಿಲ್ಲ. ಮೊದಲು ಬೀಜದ ಗುಣ ಕೇಳೋದು, ಆಮೇಲೆ ಮುಟ್ಟೋದು, ಅವಳ ರೂಢಿ.

"ಈ ಅವರೆ ಎಷ್ಟು ದಿನಕ್ಕೆ ಹೂ ಬಿಡುತ್ತೆ?" ರೈತ ತಲೆ ಕೆರೆದ. "ಈ ನವಣೆಗೆ ಯಾವ ಹಕ್ಕಿ ಬರುತ್ತೆ?" ಗೊತ್ತಿಲ್ಲ.

"ಹಾಗಾದ್ರೆ ನೀನು ಬೆಳೆದಿದ್ದೇನಪ್ಪಾ?"

"ಬರೀ ಹುಚ್ಚೆಳ್ಳು ಕಣಜ್ಜಿ, ಹೊಲದ ಬದೀಲಿ. ಅದನ್ನೇನು ತರೋದು ಅಂತ ಬಿಟ್ಟು ಬಂದೆ."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಯಾವ ಹೊತ್ತಿಗೆ ಜೇನು ಬರುತ್ತೆ, ಒಂದು ವರ್ಷ ಯಾಕೆ ಎಲ್ಲಾ ಜೊಳ್ಳಾಯ್ತು, ಮಾರನೇ ವರ್ಷ ತಾನೇನು ಮಾಡ್ದೆ ಅಂತ ಹೇಳ್ತಾ ಹೇಳ್ತಾ ರೈತನಿಗೆ ಹೊತ್ತು ಇಳಿದಿದ್ದೇ ತಿಳೀಲಿಲ್ಲ. ಅಜ್ಜಿ ಒಂದು ಖಾಲಿ ಮಡಕೆ ತಂದು ಅವನ ಮುಂದಿಟ್ಲು. "ಹೋಗು, ಅದನ್ನ ತಗೊಂಬಾ" ಅಂದ್ಲು.

ಜಲಜಾಕ್ಷಿ ಸುಮ್ನಿರೋಳಾ? "ಅರ್ಥ ಆಯ್ತು ಮೇಷ್ಟ್ರೇ. ಒಂದೇ ವಿಷಯ ಸಾಕು ತಾನೆ? ಯಾವುದು ಅಂತ ನೀವೇ ಹೇಳ್ಬಿಡಿ, ನಾಳೆಯಿಂದ್ಲೇ ಕ್ಲಾಸಿಗೆ ಸೇರಿಸ್ತೀನಿ!"

ಮೇಷ್ಟ್ರು ನಕ್ಕರು. "ತಾಯಿ, ಯಾವುದರ ಮಾತು ಬಂದ್ರೆ ನಿನ್ನ ಮಗಳು ಊಟ ಮರೀತಾಳೆ?"

ಜಲಜಾಕ್ಷಿ ಬಾಯಿ ತೆಗೆದ್ಲು. ಮುಚ್ಚಿದ್ಲು. ಆ ಬಾಯಿ ಮುಚ್ಚಿದ್ದು ಇಪ್ಪತ್ತು ವರ್ಷದಲ್ಲಿ ನಾನು ನೋಡಿರ್ಲಿಲ್ಲ ಕಣಕ್ಕ. ಕಣ್ಣಲ್ಲಿ ನೀರು ತುಂಬ್ಕೊಳ್ತು.

ನನಗೆ ಗೊತ್ತಿತ್ತು, ನಾಲಿಗೆ ತುದೀಲಿತ್ತು. ಆದ್ರೂ ಹೇಳ್ಲಿಲ್ಲ, ಅದು ತಾಯಿ ಮಗಳನ್ನೇ ಕೇಳಿ ತಿಳ್ಕೋಬೇಕಾದ್ದು. ನಿನಗೊಬ್ಬಳಿಗೇ ಹೇಳ್ತೀನಿ. ಆ ಹುಡುಗಿ ಮೂರು ವರ್ಷದಿಂದ ನಮ್ಮ ಹಿತ್ತಲಲ್ಲಿ ಜೇಡದ ಬಲೆ ಮುಂದೆ ಕೂತ್ಕೋತಾಳೆ. ಹರಿದ ಬಲೇನ ಯಾವ ಜೇಡ ಎಷ್ಟೊತ್ತಿಗೆ ಕಟ್ಟಿತು ಅಂತ ಬರ್ಕೋತಾಳೆ. ನಾನು ಪೊರಕೆ ಹಿಡ್ಕೊಂಡು ಹೋದ್ರೆ "ಆಂಟೀ ಬೇಡ" ಅಂತ ಕೈ ಮುಗೀತಾಳೆ. ನೆನ್ನೆ ರಾತ್ರಿ ಮನೇಲಿ ಅಮ್ಮ ಕೇಳಿದ್ಲೋ ಇಲ್ವೋ, ಅದೊಂದೇ ನನಗೆ...

ಶ್ಶ್, ಗೇಟು ಸದ್ದು. ಜಲಜಾಕ್ಷಿ! ಮಗಳ ಕೈ ಹಿಡ್ಕೊಂಡು ಬರ್ತಿದಾಳೆ. ಬಾ ಬಾ ಜಲಜಾ, ನಾವು ಸುಮ್ನೆ ಸೊಪ್ಪಿನ ರೇಟು ಮಾತಾಡ್ತಿದ್ವಿ. ಏನಂದೆ? ನಮ್ಮ ಹಿತ್ತಲು ನೋಡ್ಬೇಕಾ?