ಕೆಂಚಣ್ಣನ ಮಂಡಿ

ಹೆಗ್ಗೆರೆಯ ದೊರೆ ಬೊಮ್ಮರಸನಿಗೆ ಒಂದು ಅಭ್ಯಾಸವಿತ್ತು. ಬೆಳಗ್ಗೆ ಕಣ್ಣು ಬಿಟ್ಟವನೇ, ಬಾಯಿ ಮುಕ್ಕಳಿಸುವ ಮೊದಲು, ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ: "ಮಂಡಿ ಹೇಗಿದೆ?"

ಮಂಡಿ ಅವನದಲ್ಲ, ಅರಮನೆಯ ಫುಟ್ಬಾಲ್ ತಂಡದ ಕೆಂಚಣ್ಣನದು. ಕೆಂಚಣ್ಣ ಒದ್ದ ಚೆಂಡು ಗಾಳಿಯಲ್ಲಿ ಬಾಗಿ ಗೋಲಿಗೆ ನುಗ್ಗುವುದನ್ನು ನೋಡಿದವರು ಊಟ ಮರೆಯುತ್ತಿದ್ದರು. ಆದರೆ ಅಂಥ ಗೋಲು ಕಂಡು ಎರಡು ವರ್ಷವಾಗಿತ್ತು. ಅಭ್ಯಾಸದ ದಿನ ನೆಟ್ಟಗಿರುವ ಮಂಡಿ ಪಂದ್ಯದ ದಿನ ಊದಿ ಕುಂಬಳಕಾಯಿಯಾಗುತ್ತಿತ್ತು. ಅವನು ನಗುವುದನ್ನೂ ಬಿಟ್ಟಿದ್ದ.

ಅವನನ್ನು ಕೊಟ್ಟರೆ ಬದಲಿಗೆ ಇಬ್ಬರು ಗಟ್ಟಿ ಆಟಗಾರರನ್ನು ಕೊಡುತ್ತೇವೆಂದು ತೊರೆಯಾಚೆಯ ದೊರೆ ಹೇಳಿಕಳಿಸಿದ. ಆಸ್ಥಾನದಲ್ಲಿ ಕೊಡೋಣ, ಬೇಡ ಎಂದು ಕಿತ್ತಾಟವಾಯಿತು. ಬೊಮ್ಮರಸ ರೇಗಿದ. ಜನರ ಬಾಯಿ ಬೇರೆಡೆ ತಿರುಗಲೆಂದು ರಾಣಿ ಹೇಳಿದ ಉಪಾಯದಂತೆ ಡಂಗುರ ಹೊಡೆಸಿದ:

"ಕೇಳಿರಪ್ಪೋ ಕೇಳಿ! ರಾಣಿಯವರು ಮೂರು ಒಗಟು ಕಟ್ಟಿದ್ದಾರೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಕೊಡುತ್ತೇವೆ. ತಪ್ಪಿದವರ ತಲೆ ತೆಗೆಯುತ್ತೇವೆ. ಅಲ್ಲಿಯತನಕ ಕೆಂಚಣ್ಣನ ಮಾತು ಯಾರೂ ಎತ್ತಕೂಡದು!"

ಮೊದಲು ಆಸ್ಥಾನದ ಪಂಡಿತರೊಬ್ಬರು ಬಂದರು. ರಾಣಿ ಕೇಳಿದಳು: "ಮನೆಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದಿಲ್ಲ. ಬೇಕಾದ ದಿನ ಸಿಗದು, ಬೇಡದ ದಿನ ಹಾಜರು. ಏನದು?"

"ಮಳೆ," ಎಂದರು ಪಂಡಿತರು. ತಪ್ಪು.

ಆಮೇಲೆ ಬಂದ ಜವಳಿ ಶೆಟ್ಟರು ಯೋಚಿಸಲೂ ಇಲ್ಲ. "ಅಳಿಯ!"

ರಾಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ನಿಮ್ಮ ಮನೇಲಿ ಸರಿ ಇರಬಹುದು ಶೆಟ್ಟರೇ, ಇಲ್ಲಿ ತಪ್ಪು," ಎಂದಳು.

ತಲೆ ತೆಗೆಯಬೇಕಾದ ಮಾರಯ್ಯನೇ ತಂಡದ ಗೋಲ್‌ಕೀಪರು. ಮುಂದಿನ ಪಂದ್ಯ ಮುಗಿಯುವತನಕ ಅವನಿಗೆ ಬಿಡುವಿಲ್ಲ. ಹಾಗಾಗಿ ಇಬ್ಬರನ್ನೂ ಪಕ್ಕದ ಕುದುರೆ ಲಾಯದಲ್ಲಿ ಕೂಡಿಹಾಕಿದರು.

ಮೂರನೆಯವನು ದ್ಯಾವಣ್ಣ, ಎತ್ತಿನ ದಲ್ಲಾಳಿ, ಕೆಂಚಣ್ಣನ ತಮ್ಮ. ಹೋದ ವಾರ ಅಣ್ಣನನ್ನು ನೋಡಲು ಬಂದಿದ್ದಾಗ ಅವನು ಗೋಡೆಗೆ ಮುಖ ಮಾಡಿ ಕೂತಿದ್ದ. "ನನ್ನ ಇಲ್ಲಿಂದ ಬಿಡಿಸ್ಕೊಂಡು ಹೋಗೋ ದ್ಯಾವಾ," ಎಂದಿದ್ದ. ಅದಕ್ಕೇ ದ್ಯಾವಣ್ಣ ಈಗ ಬಂದಿದ್ದ. ಮಾತು ಎಷ್ಟು ಮೆಲ್ಲಗೆಂದರೆ ಕಾವಲಿನವನು ಅವನ ಹೆಸರನ್ನು ಮೂರು ಸಲ ಕೇಳಬೇಕಾಯಿತು.

ಮೊದಲ ಒಗಟಿಗೆ ದ್ಯಾವಣ್ಣ ಹೆಗಲ ವಲ್ಲಿ ಸರಿಮಾಡಿಕೊಂಡ. "ನಮ್ಮಣ್ಣನ ಮಂಡಿ, ಬುದ್ಧೀ. ಸಂತೇಲೂ ಅಂಥ ಎತ್ತುಗಳಿರ್ತವೆ. ನೋಡೋಕೆ ಬಂದೋರ ಮುಂದೆ ಕುಣೀತವೆ, ನೇಗಿಲು ಕಟ್ಟಿದ ದಿನ ಮಲಗ್ತವೆ."

ರಾಣಿ ಹೌದೆಂದು ತಲೆಯಾಡಿಸಿದಳು. ದೊರೆ ಬೆಚ್ಚಿದ. ಉತ್ತರಗಳು ಅವನಿಗೂ ಗೊತ್ತಿರಲಿಲ್ಲ. ರಾಣಿಯನ್ನು ಕೇಳಲು ನಾಚಿಕೆ.

"ಎರಡನೆಯದು. ಹನ್ನೊಂದು ಜನ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಅದು ಯಾರ ಎಲೆಯನ್ನೂ ಮುಟ್ಟುವುದಿಲ್ಲ, ಆದರೂ ಎಲ್ಲರ ಊಟವೂ ಕೆಡುತ್ತದೆ."

"ನೊಣ! ನೊಣ ಅನ್ನಪ್ಪಾ!" ಎಂದು ಲಾಯದ ಕಿಟಕಿಯಿಂದ ಶೆಟ್ಟರು ಕೂಗಿದರು.

"ನೊಣ ಎಲೆ ಮುಟ್ಟುತ್ತೆ ಶೆಟ್ಟರೇ," ಎಂದ ದ್ಯಾವಣ್ಣ. "ಅದು ಮುನಿದವನ ಮುಖ, ತಾಯೀ. ಕೊಟ್ಟಿಗೇಲಿ ಒಂದೆತ್ತು ಮೇವು ಬಿಟ್ಟು ನಿಂತರೆ ಪಕ್ಕದ್ದೂ ಮೂಸಿ ಬಿಡುತ್ತೆ. ಅಣ್ಣ ನಗದೆ ಎರಡು ವರ್ಷ ಆಯ್ತು. ತಂಡ ಗೆಲ್ಲದೇನೂ ಅಷ್ಟೇ ವರ್ಷ."

ದೊರೆ ಎದ್ದು ನಿಂತ. "ಅವನಿಗೇನು ಕಡಿಮೆ ಮಾಡಿದ್ದೀನಯ್ಯಾ? ದಿನಾ ಎದ್ದು ವಿಚಾರಿಸ್ತೀನಿ!"

"ಮಂಡೀನ ವಿಚಾರಿಸ್ತೀರಿ, ಬುದ್ಧೀ."

ಸಭೆಯಲ್ಲಿ ಯಾರೋ ಕೆಮ್ಮಿದರು. ದೊರೆ ಕೂತ.

"ಮೂರನೆಯದು," ಎಂದಳು ರಾಣಿ. "ಬಿಗಿಯಾಗಿ ಹಿಡಿದಷ್ಟೂ ಸವೆಯುತ್ತದೆ. ಬಿಟ್ಟುಕೊಟ್ಟರೆ ಒಂದು ಎರಡಾಗುತ್ತದೆ."

"ಬೆಣ್ಣೆ!" ಎಂದರು ಲಾಯದಿಂದ ಪಂಡಿತರು. "ಸೋಪು!" ಎಂದರು ಶೆಟ್ಟರು.

ದ್ಯಾವಣ್ಣನಿಗೆ ಹೊಳೆಯಲಿಲ್ಲ. ಕುತ್ತಿಗೆ ಬೆವರಿತು. ಎದುರಿನ ಮೈದಾನದಲ್ಲಿದ್ದ ಮಾರಯ್ಯ ಅಭ್ಯಾಸ ನಿಲ್ಲಿಸಿ ಇತ್ತಲೇ ನೋಡತೊಡಗಿದ. ವ್ಯಾಪಾರ ಕುದುರದಾಗ ಮಾಡುವಂತೆ ದ್ಯಾವಣ್ಣನ ಕೈ ತಾನಾಗಿ ವಲ್ಲಿಯನ್ನು ಕೆಳಗಿಳಿಸಿತು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಲ್ಲಿಯಡಿ ಕೈ ಕೊಟ್ಟು ಬೆರಳು ಹಿಡಿದು ತಿಳಿಸುತ್ತಾರೆ.

"ಬುದ್ಧೀ, ಒಂಚೂರು ಕೈ ಕೊಡ್ತೀರಾ?"

ದೊರೆ ವಲ್ಲಿಯಡಿ ಕೈ ತೂರಿಸಿದ.

"ತೊರೆಯಾಚೆಯೋರು ಹೋದ ವರ್ಷ ಅಣ್ಣನ ಬದಲಿಗೆ ಎಷ್ಟು ಜನ ಕೊಡ್ತೀವಂದ್ರು?"

ದೊರೆ ಮೂರು ಬೆರಳು ಒತ್ತಿದ.

"ಈ ವರ್ಷ?"

ಎರಡು.

"ಮಂಡಿ ಹಿಂಗೇ ಇದ್ರೆ ಬರೋ ವರ್ಷ?"

ಒಂದು, ಅದೂ ಮೆಲ್ಲಗೆ.

"ಅದರಾಚೆ ವರ್ಷ?"

ದೊರೆ ಇಡೀ ಕೈಯನ್ನೇ ಹಿಡಿದುಕೊಂಡ.

"ಐದಾ?" ಎಂದ ದ್ಯಾವಣ್ಣ, ದೊರೆಯ ಮುಖ ನೋಡಿ ದನಿ ತಗ್ಗಿಸಿದ. "ಇಲ್ಲಿ ಬೆರಳು ಹಿಡೀಬೇಕು ಬುದ್ಧೀ. ಕೈ ಹಿಡ್ಕೊಂಡು ಕೂತ್ಕೋಬಾರದು."

ದೊರೆ ಬಿಡಲಿಲ್ಲ. ಆ ಹಿಡಿತದಲ್ಲೇ ದ್ಯಾವಣ್ಣನಿಗೆ ಉತ್ತರ ಸಿಕ್ಕಿತು. "ಅದು ನಮ್ಮಣ್ಣನೇ, ತಾಯೀ! ಒಳ್ಳೇ ಎತ್ತೇ. ಈ ನೊಗಕ್ಕೆ ಒಗ್ಗಲಿಲ್ಲ, ಇನ್ನೊಂದಕ್ಕೆ ಒಗ್ಗಬಹುದು. ಹಿಡ್ಕೊಂಡ್ರೆ ಅವನೂ ಸವೀತಾನೆ, ತಂಡವೂ ಸವೆಯುತ್ತೆ. ಈಗ ಬಿಟ್ರೆ ಒಬ್ಬನ ಜಾಗಕ್ಕೆ ಇಬ್ಬರು."

"ಮೂರೂ ಸರಿ," ಎಂದಳು ರಾಣಿ.

"ಮೂರೂ ಅವನ ಬಗ್ಗೇನಾ?" ದೊರೆ ಅವಳತ್ತ ತಿರುಗಿದ. "ನನಗೇ ಹೇಳಬಹುದಿತ್ತಲ್ಲ!"

"ದಿನಾ ಬೆಳಗ್ಗೆ ಹೇಳ್ತಿದ್ದೆ. ನಿಮ್ಮ ತಲೆ ಕಿಟಕಿಯಾಚೆ ಇರ್ತಿತ್ತು."

ದ್ಯಾವಣ್ಣ ಕೇಳಿದ್ದು ಅಣ್ಣನ ಬಿಡುಗಡೆ ಮತ್ತು ಲಾಯದಲ್ಲಿದ್ದ ಎರಡು ತಲೆಗಳ ಉಳಿವು. ದೊರೆ ಕೊಟ್ಟ. ಇನ್ನು ಆಟಗಾರರನ್ನು ತರುವುದೂ ಕಳಿಸುವುದೂ ನಿನ್ನ ವಲ್ಲಿಯಡಿಯೇ ಆಗಲಿ ಎಂದು ಹೊಸ ರೇಷ್ಮೆ ವಲ್ಲಿಯನ್ನೂ ಹೊದಿಸಿದ. ಅದು ಬೆರಳಿಗೆ ಜಾರುತ್ತದೆಂದು ದ್ಯಾವಣ್ಣ ಹಳೆಯದನ್ನೇ ಇಟ್ಟುಕೊಂಡ.

ಮರುದಿನ ಬೆಳಗ್ಗೆ ತೊರೆಯಾಚೆಯ ಗಾಡಿ ಬಂತು. ಇಬ್ಬರು ಇಳಿದರು, ಕೆಂಚಣ್ಣ ಹತ್ತಿದ. ಬೊಮ್ಮರಸ ಬರಿಗಾಲಲ್ಲಿ ಓಡಿ ಬಂದ.

"ಕೆಂಚಾ, ಮಂ..." ಎಂದವನು ನಾಲಿಗೆ ಕಚ್ಚಿಕೊಂಡ. "ನೀನು ಹೇಗಿದ್ದೀಯಪ್ಪಾ?"

"ಚೆನ್ನಾಗಿದ್ದೀನಿ ಬುದ್ಧೀ," ಎಂದು ಎರಡು ವರ್ಷದಲ್ಲಿ ಮೊದಲ ಸಲ ಕೆಂಚಣ್ಣ ನಕ್ಕ. ಗಾಡಿಯಿಂದ ಕಾಲು ಇಳಿಬಿಟ್ಟು ಮಂಡಿಯನ್ನು ಮಡಚಿ ಬಿಚ್ಚಿ ಮಾಡಿದ. ಒಂದು ಲಟಕ್ ಸದ್ದೂ ಇಲ್ಲ.

ಅದನ್ನು ನೋಡಿದ ದೊರೆಯ ಮುಖ ಬಾಡಿತು. ಗಾಡಿ ಹೊರಟಿತು. ಅವನು ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿದ.

"ಬರೋ ತಿಂಗಳು ನಮ್ಮ ಮೇಲೇ ಆಡ್ತೀಯಲ್ಲ ಕೆಂಚಾ... ಆವತ್ತೊಂದು ದಿನ, ಒಂಚೂರು ಕುಂಟ್ತೀಯಾ?"